ತೋಳದ ಮರಿಗೆ ಎಷ್ಟು ಕಾಲು

ಅಫಜಲಪುರ ತಾಲೂಕಿನ ನಮ್ಮ ಊರಿನಲ್ಲಿ ಯಾರಾದರೂ ಬುರುಡೆ ಬಿಟ್ಟರೆ ‘ಸುಳ್ಳು ಹೇಳಬೇಡ’ ಎಂದು ಯಾರೂ ಹೇಳುವುದಿಲ್ಲ. ‘ತ್ವಾಳದ ಮರಿಗಿ ಎಷ್ಟ ಕಾಲ?’ ಎಂದು ಕೇಳುತ್ತಾರೆ. ಅಷ್ಟು ಕೇಳಿದರೆ ಸಾಕು, ಹೇಳುತ್ತಿದ್ದವನು ಅರ್ಧಕ್ಕೆ ಬಾಯಿ ಮುಚ್ಚುತ್ತಾನೆ. ತೊಗರಿ ಎಕರೆಗೆ ಇಷ್ಟು ಚೀಲ ಬಂತು ಎಂದು ಜಂಬ ಕೊಚ್ಚುವವನಿಗೂ ಇದೇ ಪ್ರಶ್ನೆ, ಸಾಲಿ ತಪ್ಪಿಸಿ ಹೊಟ್ಟೆನೋವು ಎನ್ನುವ ಮಕ್ಕಳಿಗೂ ಇದೇ ಪ್ರಶ್ನೆ. ಬೇರೆ ಊರಿನವರಿಗೆ ಇದು ಅರ್ಥವಾಗುವುದಿಲ್ಲ. ನಮಗೆ ಮಾತ್ರ ಚೆನ್ನಾಗಿ ಅರ್ಥವಾಗುತ್ತಿತ್ತು, ಏಕೆಂದರೆ ಆ ಮಾತು ಹುಟ್ಟಿದ್ದೇ ನಮ್ಮ ಮನೆಯಲ್ಲಿ. ತೋಳದ ಮರಿಯನ್ನು ಊರಿಗೆ ತಂದವನು ನನ್ನ ಅಜ್ಜನ ಅಣ್ಣ. ನಾವು ಅವನನ್ನು ದೊಡ್ಡಜ್ಜ ಎನ್ನುತ್ತಿದ್ದೆವು. ಊರು ಏನೆನ್ನುತ್ತಿತ್ತು ಎಂಬುದನ್ನು ಬೇರೆ ಹೇಳಬೇಕಿಲ್ಲ.

ದೊಡ್ಡಜ್ಜ ಮೀಸೆ ಮೂಡುವ ವಯಸ್ಸಿನಲ್ಲೇ ಸೊಲ್ಲಾಪುರದವನೊಬ್ಬನ ಜೊತೆ ಮುಂಬೈಗೆ ಹೋದ. ಸಣ್ಣ ವಯಸ್ಸಿಗೇ ಮದುವೆಯಾಗಿತ್ತು, ಹೆಂಡತಿ ಊರಲ್ಲೇ ಉಳಿದಳು. ಮೊದಲ ಸಲ ಬಂದ ಸುದ್ದಿ, ಗೋದಿಯಲ್ಲಿ ಕೆಲಸ ಸಿಕ್ಕಿದೆ ಎಂದು. ಮನೆಯವರು ಹಿಗ್ಗಿದರು. ಗೋದಿಯಲ್ಲಿ ಕೆಲಸವೆಂದರೆ ಹೊಟ್ಟೆಗೆ ಕಡಿಮೆಯಿಲ್ಲ ಎಂದು ಮುತ್ತಜ್ಜಿ ಓಣಿಯ ತುಂಬ ಹೇಳಿಕೊಂಡು ಬಂದಳಂತೆ. ಮುಂಬೈಯ ಮರಾಠಿಯಲ್ಲಿ ಗೋದಿ ಎಂದರೆ ಹಡಗು ಕಟ್ಟೆ ಎಂದು ತಿಳಿಯುವಷ್ಟರಲ್ಲಿ ಅವನು ಹಡಗನ್ನೇ ಹತ್ತಿ, ಬಾಯ್ಲರಿಗೆ ಕಲ್ಲಿದ್ದಲು ಎಸೆಯುವ ಕೆಲಸಕ್ಕೆ ಸೇರಿಯಾಗಿತ್ತು. ಆಮೇಲೆ ಸುದ್ದಿಯೇ ಇಲ್ಲ. ಅದು ಮೊದಲ ಮಹಾಯುದ್ಧದ ಕಾಲ. ಸೊಲ್ಲಾಪುರದವನು ಒಂದು ದಿನ ಬಂದು, ಆ ಹಡಗು ತಿರುಗಿ ಬಂದೇ ಇಲ್ಲ ಎಂದು ಹೇಳಿ ಹೋದ. ಮನೆಯಲ್ಲಿ ಅತ್ತು ಕರೆದು ಮಾಡುವುದನ್ನೆಲ್ಲ ಮಾಡಿದರು. ಹುಡುಗಿಯ ತವರಿನವರು ಬಂದು ಅವಳನ್ನು ಕರೆದುಕೊಂಡು ಹೋಗಿ, ಯಡ್ರಾಮಿ ಕಡೆಯ ಒಬ್ಬನಿಗೆ ಉಡಿಕೆ ಮಾಡಿಕೊಟ್ಟರು. ವಿಧವೆಗೆ ಮರುಮದುವೆ ನಮ್ಮಲ್ಲಿ ಆಗಲೂ ಇತ್ತು, ಅದರಲ್ಲಿ ಯಾರ ತಪ್ಪೂ ಇರಲಿಲ್ಲ.

ಮೂರು ವರ್ಷ ಕಳೆದ ಮೇಲೆ ದೊಡ್ಡಜ್ಜ ಭೀಮಾ ನದಿ ದಾಟಿ ನಡೆದುಕೊಂಡು ಬಂದ.

ಬೇವಿನ ಗಿಡದ ಕಟ್ಟೆಯ ಮೇಲೆ ಕೂತು ಅವನು ಹೇಳಿದ ಕಥೆಯನ್ನು ನಾನು ಕೇಳಿಲ್ಲ, ಅಣಕಿಸುವವರ ಬಾಯಲ್ಲಿ ಮಾತ್ರ ಕೇಳಿದ್ದೇನೆ. ನಡುಸಮುದ್ರದಲ್ಲಿ ಆಕಾಶದಿಂದ ಒಂದು ಜಹಾಜ ಬಂತು, ‘ನಿಲ್ಲಿ’ ಎಂದು ಬರೆದ ಚೀಟಿ ಎಸೆಯಿತು. ಅದರ ಹಿಂದೆಯೇ ಜರ್ಮನ್ನರ ದೊಡ್ಡ ಜಹಾಜ ಬಂದು ಇವರನ್ನೆಲ್ಲ ಹಿಡಿದು ತಳದಲ್ಲಿ ಕೂಡಿಹಾಕಿತು. ಆ ಜಹಾಜಿನ ಹೆಸರು ಏನೆಂದು ಕೇಳಿದಾಗ, ಜೊತೆಗಿದ್ದ ಮುಸಲ್ಮಾನ ಖಲಾಸಿಯೊಬ್ಬ ‘ಭೇಡಿಯಾ’ ಎಂದು ಬಿಡಿಸಿ ಹೇಳಿದ. ಭೇಡಿಯಾ ಅಂದರೆ ತೋಳ. ಹಾರುವ ಜಹಾಜ ಅದರ ಹೊಟ್ಟೆಯಲ್ಲೇ ಇರುತ್ತಿತ್ತು. ಬೇಕಾದಾಗ ಹೊರಗೆ ತೆಗೆದು, ರೆಕ್ಕೆ ಜೋಡಿಸಿ, ನೀರಿಗೆ ಇಳಿಬಿಡುತ್ತಿದ್ದರು. ಅದು ನೀರಿನ ಮೇಲೆ ಓಡಿ ಹಾರುತ್ತಿತ್ತು, ತಿರುಗಿ ಬಂದು ನೀರಿನ ಮೇಲೆಯೇ ಕೂರುತ್ತಿತ್ತು. ಅದನ್ನು ಅವರು ಪ್ರೀತಿಯಿಂದ ಮರಿ ಎಂದು ಕರೆಯುತ್ತಿದ್ದರು. ತಿಂಗಳುಗಟ್ಟಲೆ ಸಮುದ್ರ ಸುತ್ತಿಸಿ ಕೊನೆಗೆ ಜರ್ಮನಿಗೆ ಒಯ್ದರು, ಯುದ್ಧ ಮುಗಿದ ಮೇಲೆ ಬಿಟ್ಟರು.

ನಮ್ಮ ಕಡೆ ನಿಜಾಮರ ಕಾಲದ ಉರ್ದು ನಾಲಿಗೆಯ ಮೇಲೆ ಹಾಗೇ ಉಳಿದಿದೆ. ಹಡಗೂ ಜಹಾಜವೇ, ವಿಮಾನವೂ ಜಹಾಜವೇ. ಆಗಿನ ಊರು ಎರಡರಲ್ಲಿ ಒಂದನ್ನೂ ಕಂಡಿರಲಿಲ್ಲ. ಜಹಾಜದ ಹೊಟ್ಟೆಯೊಳಗೆ ಜಹಾಜ ಎಂದರೆ ಏನು ತಿಳಿದೀತು? ಅವನು ಮತ್ತೆ ಬಿಡಿಸಿ ಹೇಳಲು ಹೋದ. ‘ತ್ವಾಳಿಗಿ ಒಂದ ಮರಿ ಇತ್ರಿ. ಮರಿಗಿ ರೆಕ್ಕಿ ಇದ್ದವು, ಎರಡ ಕಾಲ ಇದ್ದವು’ ಎಂದ. ಕಟ್ಟೆಯ ಮೇಲೆ ಎಲ್ಲರಿಗಿಂತ ಮೊದಲು ನಕ್ಕವನು ನನ್ನ ಅಜ್ಜ, ಅವನ ಸ್ವಂತ ತಮ್ಮ. ತೋಳದ ಮರಿಗೆ ನಾಲ್ಕು ಕಾಲೆಂದು ಕೂಸಿಗೂ ಗೊತ್ತು, ನಿನ್ನ ಮರಿಯ ಉಳಿದೆರಡು ಕಾಲು ಯಾರು ತಿಂದರು ಎಂದು ಕೇಳಿದನಂತೆ. ಈ ಮಾತನ್ನು ಅಜ್ಜ ಮುದುಕನಾದ ಮೇಲೂ ನಮಗೆ ಹೆಮ್ಮೆಯಿಂದ ಹೇಳುತ್ತಿದ್ದ.

ನಗುವಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಅವನ ಮಾತು ನಿಜವೆಂದರೆ, ಜೀವಂತ ಗಂಡನಿರುವ ಹುಡುಗಿಗೆ ಉಡಿಕೆ ಮಾಡಿದಂತಾಗುತ್ತದೆ. ಸುಳ್ಳೆಂದರೆ, ಹೆಂಡತಿಯನ್ನು ಬಿಟ್ಟು ಓಡಿಹೋದವನು ಎಂದು ತಪ್ಪೆಲ್ಲ ಅವನ ತಲೆಗೆ. ಹಿರಿಯರು ನಿರ್ಣಯ ತಮ್ಮ ಮೇಲೆ ಹಾಕಿಕೊಳ್ಳದೆ ಅವನನ್ನು ಅಫಜಲಪುರಕ್ಕೆ, ಕಚೇರಿಯ ಮುನ್ಷಿಯ ಹತ್ತಿರ ಕರೆದೊಯ್ದರು. ಮುನ್ಷಿ ಓದಿದವನು. ಅವನ ಬಳಿ ಯುದ್ಧಕಾಲದ ಉರ್ದು ಪತ್ರಿಕೆಗಳ ಕಟ್ಟೇ ಇತ್ತು. ಹುಡುಕಿ ಹುಡುಕಿ ಒಂದು ಚಿತ್ರ ತೆಗೆದ. ನೀರಿನ ಮೇಲೆ ನಿಂತ ಜರ್ಮನ್ ವಿಮಾನ. ದೊಡ್ಡಜ್ಜ ಕುಣಿದಾಡಿಬಿಟ್ಟ, ಇಂಥದ್ದೇ, ಇಂಥದ್ದೇ ಎಂದ. ಎಲ್ಲರೂ ದಂಗಾದರು. ಮುನ್ಷಿ ಮಾತ್ರ ಜಾಣ. ನೀನು ಕಂಡದ್ದಕ್ಕೆ ಕಾಲು ಎಷ್ಟು ಎಂದು ಕೇಳಿದ. ಎರಡು ಎಂದ ದೊಡ್ಡಜ್ಜ. ಚಿತ್ರದಲ್ಲಿ ಮೂರಿದ್ದವು. ಮುಂದೆ ದೋಣಿಯಂಥ ಎರಡು, ಬಾಲದ ಕೆಳಗೆ ಸಣ್ಣದೊಂದು. ಬಾಲದ ಕೆಳಗಿನದು ಇಲ್ಲದಿದ್ದರೆ ಇದು ಹಿಂದಕ್ಕೆ ವಾಲಿ ಮುಳುಗುತ್ತದೆ, ನೆನಪು ಮಾಡಿಕೋ, ಮೂರು ಇದ್ದಿರಬೇಕು ಎಂದು ಮುನ್ಷಿ ದಾರಿಯನ್ನೂ ತೋರಿಸಿದ. ಹೂಂ ಎಂದಿದ್ದರೆ ಮುಗಿಯುತ್ತಿತ್ತು. ದೊಡ್ಡಜ್ಜ ಎರಡು ಎಂದ. ಎಷ್ಟು ಸಲ ಕೇಳಿದರೂ ಎರಡು ಎಂದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರನ್ನು ಜಗತ್ತು ಕಂಡಿದೆ, ಇವನು ಮೂರಿದ್ದ ಕಡೆಯೂ ಎರಡು ಎಂದು ಹಟ ಹಿಡಿದ. ಯಾರದೋ ಬಾಯಿಂದ ಕೇಳಿದ್ದನ್ನು ಕಂಡೆ ಎನ್ನುತ್ತಾನೆ ಎಂದು ಮುನ್ಷಿ ತೀರ್ಪು ಕೊಟ್ಟ. ಊರಿಗೆ ಬೇಕಾದದ್ದೂ ಅದೇ.

ಸುಳ್ಳನಿಗೆ ಹೆಣ್ಣು ಯಾರು ಕೊಡುತ್ತಾರೆ? ಎಷ್ಟೋ ವರ್ಷ ಒಂಟಿಯಾಗಿದ್ದು, ತಲೆ ನರೆಯುವ ಹೊತ್ತಿಗೆ ಒಬ್ಬ ಬಡವರ ಮಗಳನ್ನು ಮದುವೆಯಾದ. ಒಂದೇ ಮಗಳು ಹುಟ್ಟಿದಳು. ಅವಳೇ ನನಗೆ ಅತ್ತಿ, ಅಂದರೆ ಅತ್ತೆ. ಅವಳನ್ನು ಆಳಂದಕ್ಕೆ ಕೊಟ್ಟರು.

ನಾನು ಕಂಡ ದೊಡ್ಡಜ್ಜ ಎಂಬತ್ತರ ಮುದುಕ. ದನದ ಕೊಟ್ಟಿಗೆಯ ಬಾಗಿಲಲ್ಲಿ ಕೂತು ಪುಂಡಿ ನಾರಿನ ಹಗ್ಗ ಹೊಸೆಯುತ್ತಿದ್ದ. ಸಾಲಿಯಿಂದ ಬರುವಾಗ ನಾವು ಹುಡುಗಿಯರು ಸಾಲಾಗಿ ನಿಂತು ಕೇಳುತ್ತಿದ್ದೆವು, ದೊಡ್ಡಜ್ಜ, ತ್ವಾಳದ ಮರಿಗಿ ಎಷ್ಟ ಕಾಲ? ಅವನು ತಲೆ ಎತ್ತದೆ ‘ನಾಕ’ ಎನ್ನುತ್ತಿದ್ದ. ಅಷ್ಟಕ್ಕೇ ನಾವು ಬಿದ್ದು ಬಿದ್ದು ನಗುತ್ತಿದ್ದೆವು. ಮೊದಲೆಲ್ಲ ಎರಡು ಎನ್ನುತ್ತಿದ್ದನಂತೆ, ಎರಡು ಎಂದು ಜಗಳಕ್ಕೇ ಬರುತ್ತಿದ್ದನಂತೆ, ಆಮೇಲೆ ಬುದ್ಧಿ ಬಂತು ಎಂದು ದೊಡ್ಡವರು ಹೇಳುತ್ತಿದ್ದರು. ನಾನು ಐದನೆಯ ಇಯತ್ತೆಯಲ್ಲಿದ್ದಾಗ ತೀರಿಕೊಂಡ. ಆ ಸಾಲಿನಲ್ಲಿ ಮುಂದೆ ನಿಂತು ಎಲ್ಲರಿಗಿಂತ ಜೋರಾಗಿ ಕೇಳುತ್ತಿದ್ದವಳು ನಾನೇ ಎಂದು ಬರೆಯಲು ಈಗ ನಾಚಿಕೆಯಾಗುತ್ತದೆ. ಬರೆಯದಿದ್ದರೆ ಇನ್ನೂ ನಾಚಿಕೆ.

ನಾನು ಜೇವರ್ಗಿಯ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ನಿವೃತ್ತಿಗೆ ಇನ್ನು ಕೆಲವೇ ವರ್ಷ. ಊರಿನ ಪ್ರಶ್ನೆಯನ್ನು ಜೇವರ್ಗಿಗೂ ತಂದು ನೆಟ್ಟವಳು ನಾನೇ. ಹೋದ ಮಳೆಗಾಲದಲ್ಲಿ ಎಂಟನೆಯ ತರಗತಿಯ ಒಬ್ಬಳು ನಾಲ್ಕು ದಿನ ಬರಲಿಲ್ಲ. ಯಾಕೆ ಎಂದು ಕೇಳಿದರೆ, ಹೊಳೆ ಉಕ್ಕಿ ಮೊಸಳೆಯೊಂದು ದನದ ಕೊಟ್ಟಿಗೆಗೆ ಬಂದಿತ್ತು, ಮನೆಯವರು ಹೊರಗೆ ಬಿಡಲಿಲ್ಲ ಎಂದಳು. ನಾನು ಕನ್ನಡಕದ ಮೇಲಿಂದ ನೋಡಿ ತೋಳದ ಮರಿಯ ಕಾಲು ಕೇಳಿದೆ. ತರಗತಿಗೆ ಆ ಮಾತು ಆಗಲೇ ಬಾಯಿಪಾಠವಾಗಿತ್ತು. ಇಡೀ ತರಗತಿ ನಕ್ಕಿತು, ಅವಳು ಕೂತಳು. ನನಗೆ ನನ್ನ ಜಾಣತನದ ಬಗ್ಗೆ ಖುಷಿಯೇ ಆಯಿತು.

ಅದಾದ ಕೆಲವು ವಾರಕ್ಕೆ ವಿಜ್ಞಾನ ಪ್ರದರ್ಶನ ಬಂತು. ನೀರಿನ ಮೇಲೆ ಇಳಿಯುವ ವಿಮಾನವನ್ನು ಥರ್ಮೋಕೋಲಿನಲ್ಲಿ ಮಾಡುತ್ತೇವೆ ಎಂದು ಅದೇ ತರಗತಿಯ ಮಕ್ಕಳು ಹಟ ಹಿಡಿದರು. ಮಧ್ಯಾಹ್ನ ಊಟಕ್ಕೆ ಡಬ್ಬಿ ಬಿಚ್ಚಿಟ್ಟುಕೊಂಡು ಮೊಬೈಲಿನಲ್ಲಿ ಮಾದರಿ ಹುಡುಕುತ್ತಿದ್ದೆ. ಫ್ರೀಡ್ರಿಷ್‌ಹಾಫೆನ್ ಎಂಬ ಸರೋವರದ ದಂಡೆಯ ಊರಿನಲ್ಲಿ ಹುಟ್ಟಿದ, ಎಫ್‌ಎಫ್ 33 ಎಂಬ ಜರ್ಮನ್ ವಿಮಾನದ ಪುಟ ತೆರೆಯಿತು. ಮೊದಲ ಮಹಾಯುದ್ಧದ್ದು. ಹಡಗುಗಳು ಎಲ್ಲಿವೆ ಎಂದು ನೋಡಿ ಬರುವುದು ಅದರ ಕೆಲಸ. ಒಂದೇ ವಿಮಾನಕ್ಕೆ ಹಲವು ನಮೂನೆ, ಹಾಜರಿ ಪುಸ್ತಕದ ಹಾಗೆ ಎ, ಬಿ, ಇ, ಎಚ್, ಎಲ್ ಎಂದು. ಒಂದರಲ್ಲಿ ಹಾರಿಸುವವನ ಮತ್ತು ನೋಡುವವನ ಕುರ್ಚಿ ಅದಲು ಬದಲು, ಇನ್ನೊಂದರಲ್ಲಿ ಬಂದೂಕು. ಮೊದಲಿನ ನಮೂನೆಯಲ್ಲಿ ತೇಲುವ ದೋಣಿಗಾಲು ಮೂರು, ಮೂರನೆಯದು ಬಾಲದ ಕೆಳಗೆ. ‘ಇ’ ನಮೂನೆಯಲ್ಲಿ ಮುಂದಿನ ಎರಡನ್ನು ಉದ್ದ ಮಾಡಿ, ಬಾಲದ ಕೆಳಗಿನದನ್ನು ತೆಗೆದುಹಾಕಿದರು.

ತೇಲುವಿಕೆಯ ಪಾಠಕ್ಕೆ ಒಳ್ಳೆಯ ಉದಾಹರಣೆ ಎಂದುಕೊಂಡು ಕೆಳಗೆ ಸರಿಸಿದೆ. ‘ಇ’ ನಮೂನೆಯ ಒಂದು ವಿಮಾನವನ್ನು, ವ್ಯಾಪಾರದ ಹಡಗಿನ ವೇಷ ಹಾಕಿದ ಯುದ್ಧದ ಹಡಗೊಂದು ಹೊಟ್ಟೆಯಲ್ಲಿಟ್ಟುಕೊಂಡು ಹಿಂದೂ ಮಹಾಸಾಗರಕ್ಕೆ ಬಂದಿತ್ತು. ಅದೇ ಹಡಗು ಮುಂಬೈ ಕಡಲಿನಲ್ಲಿ ಸಿಡಿಗುಂಡು ಬಿತ್ತಿ ಹೋಗಿತ್ತು. ದಾರಿಯಲ್ಲಿ ಸಿಕ್ಕ ಹಡಗುಗಳನ್ನು ಹಿಡಿದು, ಅವುಗಳ ಜನರನ್ನು ತಳದಲ್ಲಿ ಕೂಡಿಹಾಕಿ, ತಿಂಗಳುಗಟ್ಟಲೆ ಸುತ್ತಿ ಜರ್ಮನಿಗೆ ಒಯ್ದಿತ್ತು. ಹಡಗಿನ ಹೆಸರಿನ ಅರ್ಥ ತೋಳ. ವಿಮಾನದ ಹೆಸರು ನನ್ನ ನಾಲಿಗೆಗೆ ಹೊರಳಲಿಲ್ಲ, ಅರ್ಥ ಪಕ್ಕದಲ್ಲೇ ಇತ್ತು. ತೋಳದ ಮರಿ.

ಬಾಯಲ್ಲಿದ್ದ ರೊಟ್ಟಿಯ ತುತ್ತು ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ಪಕ್ಕದಲ್ಲಿದ್ದ ಹಿಂದಿ ಮೇಡಂ ಏನಾಯಿತ್ರೀ ಎಂದು ಕೇಳಿದರು, ನಾನು ಮೊಬೈಲನ್ನು ಅವರ ಕಡೆ ತಿರುಗಿಸಿದೆ. ಸುಮಾರು ನೂರು ವರ್ಷ ಒಂದು ಊರು ಒಬ್ಬ ಮನುಷ್ಯನನ್ನು ನೋಡಿ ನಕ್ಕಿದೆ, ಅವನು ಕಂಡದ್ದನ್ನು ಕಂಡ ಹಾಗೆಯೇ ಹೇಳಿದ್ದಕ್ಕೆ. ಮುನ್ಷಿಯೂ ಸುಳ್ಳು ಹೇಳಿರಲಿಲ್ಲ, ಅವನ ಚಿತ್ರ ಮೊದಲಿನ ನಮೂನೆಯದು. ನಡುವೆ ಬದಲಾದದ್ದು ಬಾಲದ ಕೆಳಗಿನ ಒಂದು ತುಂಡು ಕಟ್ಟಿಗೆ. ಆ ಒಂದು ತುಂಡಿಗೆ ಒಬ್ಬನ ಬಾಳೇ ಹೋಯಿತು.

ಊಟದ ಗಂಟೆ ಮುಗಿದ ಕೂಡಲೆ ಎಂಟನೆಯ ತರಗತಿಗೆ ಹೋದೆ. ಆ ಹುಡುಗಿಯನ್ನು ಹೊರಗೆ ಕರೆದು, ಮೊಸಳೆಯ ವಿಷಯ ಇನ್ನೊಮ್ಮೆ ಹೇಳು, ಈ ಸಲ ಸರಿಯಾಗಿ ಕೇಳುತ್ತೇನೆ ಎಂದೆ. ಅವಳು ನೆಲ ನೋಡುತ್ತ, ಅದು ಸುಳ್ಳು ಹೇಳಿದ್ದೆ, ಬಿಡಿ ಮೇಡಂ ಎಂದಳು. ನಿಜವೋ ಸುಳ್ಳೋ ನನಗೆ ಇವತ್ತಿಗೂ ಗೊತ್ತಿಲ್ಲ.

ಈ ಸುದ್ದಿ ಯಾರಿಗೆ ಸೇರಬೇಕು ಎಂಬುದರಲ್ಲಿ ಅನುಮಾನವಿರಲಿಲ್ಲ. ನಕ್ಕವರಲ್ಲಿ ಬಹಳಷ್ಟು ಜನ ಮಣ್ಣಾಗಿದ್ದರು. ಆದರೆ ಅವನ ಮಗಳು ಬದುಕಿದ್ದಳು, ಆಳಂದದಲ್ಲಿ, ತೊಂಬತ್ತರ ಹತ್ತಿರ. ಅವಳಿಗೆ ಉಸಿರಿರುವಾಗಲೇ ಅವಳ ತಂದೆ ಸುಳ್ಳನಲ್ಲ ಎಂದು ಹೇಳಬೇಕು. ಝೆರಾಕ್ಸ್ ಅಂಗಡಿಯಲ್ಲಿ ಆ ವಿಮಾನದ ಚಿತ್ರವನ್ನು ದೊಡ್ಡದಾಗಿ ತೆಗೆಸಿದೆ, ಭಾನುವಾರ ಬೆಳಿಗ್ಗೆ ಕಲಬುರಗಿಗೆ ಹೋಗಿ ಆಳಂದದ ಬಸ್ಸು ಹಿಡಿದೆ. ದಾರಿಯುದ್ದಕ್ಕೂ ತೊಗರಿ ಹೂ ಬಿಟ್ಟಿತ್ತು. ನನ್ನ ತಲೆಯಲ್ಲಿ ಮಾತ್ರ ಬೇರೆಯೇ ನಡೆದಿತ್ತು. ಅತ್ತಿ ನನ್ನನ್ನು ಅಪ್ಪಿಕೊಂಡು ಅಳುತ್ತಾಳೆ, ಅವಳನ್ನು ಊರಿಗೆ ಕರೆದೊಯ್ದು ಅದೇ ಕಟ್ಟೆಯ ಮೇಲೆ ಕೂಡಿಸುತ್ತೇನೆ, ಊರಿನವರ ಮುಂದೆ ಈ ಚಿತ್ರ ಬಿಚ್ಚುತ್ತೇನೆ. ನನ್ನ ಅಜ್ಜನ ನಗುವಿನ ಸಾಲ ನಾನು ತೀರಿಸುತ್ತೇನೆ ಎಂಬ ಠೀವಿ ಬೇರೆ. ಉಪಕಾರ ಮಾಡಲು ಹೊರಟವರ ಸೊಕ್ಕು ಕೆಟ್ಟದ್ದು, ಅದು ಎದುರಿಗಿರುವವರನ್ನು ಒಂದು ಮಾತೂ ಕೇಳುವುದಿಲ್ಲ.

ಅತ್ತಿ ಪಡಸಾಲೆಯಲ್ಲಿ ಕಾಲು ಚಾಚಿ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಕಣ್ಣಿನ ಆಪರೇಷನ್ ಆದ ಮೇಲೆ ಕಲ್ಲು ಚೆನ್ನಾಗಿ ಕಾಣುತ್ತದೆ ಎಂದು ಅವಳ ಹೆಮ್ಮೆ. ಸೊಸೆ ಚಹಾ ಕೊಟ್ಟು ಸಂತೆಗೆ ಹೋದಳು. ಮನೆ ಮಂದಿಯ ಕ್ಷೇಮ, ಮಳೆ, ಬಸ್ಸಿನ ರಶ್ಶು ಎಲ್ಲ ಮುಗಿಯಿತು. ನಾನು ಚಿತ್ರ ತೆಗೆದು ಅವಳ ಮಡಿಲಿಗೆ ಇಟ್ಟು, ಕಂಡದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ತೋಳ, ಅದರ ಮರಿ, ಮುಂಬೈ, ತಳದಲ್ಲಿ ಕೂಡಿಹಾಕಿದ್ದು, ಮುನ್ಷಿಯ ಚಿತ್ರ ಹಳೆಯ ನಮೂನೆಯದು ಎಂಬುದು.

ಅತ್ತಿ ಚಿತ್ರದ ಮೇಲೆ ಬೆರಳಿಟ್ಟು ಎಣಿಸಿದಳು. ಒಂದು, ಎರಡು. ಬಾಲದ ಕೆಳಗೆ ಬೆರಳಾಡಿಸಿದಳು. ಹಾಳೆಯನ್ನು ತಿರುಗಿಸಿ ಹಿಂದೆಯೂ ನೋಡಿದಳು.

‘ಇನ್ನೊಂದ ಇರಬೇಕಲ್ಲವಾ?’

‘ಇಲ್ಲ ಅತ್ತಿ. ಈ ನಮೂನಿಗಿ ಎರಡೇ. ದೊಡ್ಡಜ್ಜ ಹೇಳಿದ್ದೆಲ್ಲಾ ಖರೇ ಅದ.’

ಅವಳು ಅಳಲಿಲ್ಲ, ನನ್ನನ್ನು ಅಪ್ಪಿಕೊಳ್ಳಲೂ ಇಲ್ಲ. ಮೊರವನ್ನು ಪಕ್ಕಕ್ಕೆ ಸರಿಸಿದಳು. ಅವಳ ಮುಖದ ಬಣ್ಣ ಹೋಗಿದ್ದು ನೋಡಿ ನನಗೆ ಗಾಬರಿಯಾಯಿತು, ನೀರು ತರಲೇ ಎಂದು ಕೇಳಿದೆ. ಬೇಡವೆಂದು ಕೈ ಮಾಡಿದಳು. ನನ್ನ ಕಡೆ ನೋಡದೆ, ತನ್ನ ಮದುವೆಯ ಮಾತುಕತೆಯ ವಿಷಯ ಹೇಳತೊಡಗಿದಳು.

ಆಳಂದದಿಂದ ಬೀಗರು ಬರುವ ದಿನ. ಊರಿನವರು ಯಾರೋ ಅವರ ಕಿವಿಗೆ ಆಗಲೇ ಊದಿದ್ದರು, ಹುಡುಗಿಯ ಅಪ್ಪನಿಗೆ ತಲೆ ಸರಿಯಿಲ್ಲ, ತೋಳದ ಮರಿ ಹಾರುತ್ತದೆ ಎನ್ನುತ್ತಾನೆ ಎಂದು. ಸುಳ್ಳನ ಮಗಳಾದರೆ ನಡೆದೀತು, ಹುಚ್ಚನ ಮಗಳು ಬೇಡ, ಎದುರಿಗೇ ಕೇಳಿ ನೋಡುತ್ತೇವೆ ಎಂದು ಬೀಗರು ಹೇಳಿ ಕಳಿಸಿದ್ದರು. ಅದಕ್ಕೂ ಮೊದಲು ಎರಡು ಸಂಬಂಧ ಇದೇ ಮಾತಿಗೆ ಮುರಿದಿದ್ದವು. ಬೆಳಿಗ್ಗೆ ತಂದೆ ಬಚ್ಚಲ ಕಲ್ಲಿನ ಮೇಲೆ ನಿಂತು ಮುಖ ತೊಳೆಯುತ್ತಿದ್ದಾಗ ಇವಳು ಹೋಗಿ ಕಾಲು ಹಿಡಿದಳು. ಯಾರು ಕೇಳಿದರೂ ನಾಕು ಅನ್ನು ಎಂದಳು. ಅವನು, ಎರಡೇ ಇದ್ದವು ಮಗಳೇ ಎಂದ. ಇರಲಿ, ನನ್ನ ಸಲುವಾಗಿ ನಾಕು ಅನ್ನು ಎಂದಳು. ಅವನು ಒದ್ದೆ ಕೈಯಲ್ಲೇ ಅವಳ ತಲೆ ಮುಟ್ಟಿದ. ಹತ್ತು ಜನರ ಮುಂದೆ ಬೀಗರು ಕೇಳಿದಾಗ ನಾಕು ಎಂದ, ಹಾರುವ ಮರಿಯ ಮಾತೆಲ್ಲ ನಾನು ಕಟ್ಟಿದ ಸುಳ್ಳು ಎಂದ. ಎಲ್ಲರೂ ನಕ್ಕರು, ಸಕ್ಕರೆ ಹಂಚಿದರು.

ಅಷ್ಟಕ್ಕೇ ನಿಲ್ಲಲಿಲ್ಲ. ಅವನು ಒಮ್ಮೆ ಎರಡು ಎಂದರೂ ಸುದ್ದಿ ಆಳಂದಕ್ಕೆ ಬರುತ್ತದೆ, ನನ್ನನ್ನು ತಿರುಗಿ ಕಳಿಸುತ್ತಾರೆ ಎಂದು ಹೆದರಿ, ಸಾಯುವ ತನಕ ನಾಕು ಎಂದೇ ಅನ್ನಬೇಕೆಂದು ಗಂಡನ ಮನೆಗೆ ಹೊರಡುವ ದಿನ ಆಣೆ ಹಾಕಿಸಿಕೊಂಡಿದ್ದಳು. ಇದನ್ನು ಕೇಳಿದಾಗ ಕೊಟ್ಟಿಗೆಯ ಬಾಗಿಲಲ್ಲಿ ಸಾಲಾಗಿ ನಿಂತ ನಾವು ಹುಡುಗಿಯರೆಲ್ಲ ನನ್ನ ಕಣ್ಣ ಮುಂದೆ ಬಂದೆವು. ತಲೆ ಎತ್ತದೆ ನಮಗೆ ಉತ್ತರ ಕೊಡುತ್ತಿದ್ದವನು ಸೋತಿರಲಿಲ್ಲ, ಬುದ್ಧಿ ಬಂದು ಸುಮ್ಮನಾಗಿಯೂ ಇರಲಿಲ್ಲ. ಮಗಳ ಸಂಸಾರ ಕಾಯುತ್ತಿದ್ದ.

‘ಅಪ್ಪನ ಹುಚ್ಚ ನಾ ಬಿಡಿಸಿದೆ ಅಂತ ತಿಳದಿದ್ದೆ ಬೇ’ ಎಂದಳು ಅತ್ತಿ. ‘ಎಪ್ಪತ್ತ ವರ್ಷ ಅದೇ ತಿಳಕೊಂಡ ಬಂದೇನಿ. ಅಂವ ಜನ್ಮದಾಗ ಹೇಳಿದ್ದು ಒಂದೇ ಸುಳ್ಳ. ಅದನ್ನ ನಾ ಹೇಳಿಸೇನಿ.’

ನಾನು ಏನೋ ಸಮಾಧಾನ ಹೇಳಲು ಹೋದೆ. ಆಗ ನಿನಗೆ ಗೊತ್ತಿರಲಿಲ್ಲ, ನೀನೂ ಚಿಕ್ಕವಳು, ಹೀಗೆ ಬಾಯಿಗೆ ಬಂದದ್ದು. ಅವಳು ಕೇಳಿಸಿಕೊಳ್ಳಲಿಲ್ಲ. ಚಿತ್ರವನ್ನು ನಾಲ್ಕು ಮಡಿಕೆ ಮಾಡಿ ನನ್ನ ಕೈಗೆ ಕೊಟ್ಟಳು. ಇದನ್ನು ನಾನು ಸತ್ತ ಮೇಲೆ ತರಬೇಕಿತ್ತು ಎಂದಳು. ನಾನು ಏಳಲು ಹೋದಾಗ ಸೆರಗು ಹಿಡಿದು ಕೂಡಿಸಿದಳು.

‘ಸಾಯೂ ದಿನ ಅಪ್ಪಗ ಮಾತ ನಿಂತಿದ್ದವು. ನಾ ಬಾಜೂಕ ಕುಂತಿದ್ದೆ. ನನ್ನ ಮಾರಿ ನೋಡಿ ಎರಡ ಬೆರಳ ಎತ್ತಿ ತೋರಿಸಿದ. ಮತ್ತ ತೋರಿಸಿದ. ನೀರ ಬೇಡಾಕತ್ತಾನ ಅಂತ ತಿಳದು ಎರಡ ಚಮಚಿ ನೀರ ಬಾಯಾಗ ಬಿಟ್ಟೆ. ಅಲ್ಲಂತ ತಲಿ ಅಲ್ಲಾಡಿಸಿದ. ನಾ ಇನ್ನೆರಡ ಬಿಟ್ಟೆ.’